ಒಂದು ಪೌಂಡ್ ಕಾಳು, ಒಂದಾಣೆ

1877ರ ಜನವರಿಯಿಂದ ಮೇ ತಿಂಗಳವರೆಗೆ ಮದರಾಸು ಪ್ರಾಂತ್ಯದಲ್ಲಿ ಇಬ್ಬರು ಅಧಿಕಾರಿಗಳ ನಡುವೆ ಕಾಗದದ ಮೇಲೆ ಒಂದು ಕದನ ನಡೆಯಿತು. ಒಬ್ಬರು, ವೈಸರಾಯ್ ಲಾರ್ಡ್ ಲಿಟ್ಟನ್ ತಮ್ಮ ಪ್ರತಿನಿಧಿಯಾಗಿ ಕಳಿಸಿದ ಸರ್ ರಿಚರ್ಡ್ ಟೆಂಪಲ್. ಇನ್ನೊಬ್ಬರು, ಪ್ರಾಂತ್ಯದ ನೈರ್ಮಲ್ಯ ಕಮಿಷನರ್ ಡಾ. ವಿಲಿಯಂ ಕಾರ್ನಿಶ್. ಪರಿಹಾರ ಕಾಮಗಾರಿಯಲ್ಲಿ ಉರಿಬಿಸಿಲಲ್ಲಿ ಕಲ್ಲೊಡೆಯುವ, ಮಣ್ಣು ಹೊರುವ ಗಂಡಾಳಿಗೆ ದಿನಕ್ಕೆ ಒಂದು ಪೌಂಡ್ ಕಾಳು, ಅದರ ಮೇಲೆ ಒಂದಾಣೆ ಸಾಕೇ ಎಂಬುದು ಅವರು ಬರೆದಾಡಿಕೊಂಡ ಪ್ರಶ್ನೆ. ಅದರ ಬೆನ್ನಿಗಿದ್ದ ಪ್ರಶ್ನೆ ಇನ್ನೂ ದೊಡ್ಡದು: ಈ ಬರ ನಿಜಕ್ಕೂ ಎಷ್ಟು ಘೋರ? ಜನ ಹೇಳುವಷ್ಟು ಕೆಟ್ಟದ್ದೇ, ಇಲ್ಲ ಕೆಳಗಿನ ಅಧಿಕಾರಿಗಳು ಹೆದರಿ ಉಬ್ಬಿಸಿ ಬರೆಯುತ್ತಿದ್ದಾರೆಯೇ? ಬಳ್ಳಾರಿ ಆ ಕಾಲಕ್ಕೆ ಮದರಾಸಿಗೆ ಸೇರಿದ ಜಿಲ್ಲೆ, ಬರ ಮೊದಲು ಹಿಡಿದ ಜಿಲ್ಲೆಗಳಲ್ಲೊಂದು. ಧಾರವಾಡ, ಬೆಳಗಾವಿ, ಕಲಾದಗಿ ಜಿಲ್ಲೆಗಳು ಬೊಂಬಾಯಿಗೆ ಸೇರಿದ್ದವು. ಮೈಸೂರು ಸಂಸ್ಥಾನ ಬ್ರಿಟಿಷ್ ಕಮಿಷನರ ಆಡಳಿತದಲ್ಲಿತ್ತು. ಹೀಗಾಗಿ ಆ ಬೇಸಿಗೆಯಲ್ಲಿ ಬರ ಎಷ್ಟರದ್ದು ಎಂದು ತೀರ್ಮಾನಿಸುವ ಅಧಿಕಾರ ಕನ್ನಡನಾಡಿನ ಬಹುಪಾಲು ಊರುಗಳ ಮಟ್ಟಿಗೆ ಇಂಥ ಕೆಲವೇ ಜನರ ಕೈಯಲ್ಲಿತ್ತು. ಆ ವಾದದ ಕಡತಗಳು ನಮಗೆ ಉಳಿದಿವೆ. ಅವನ್ನು ಇಂದು ನೋಡಿದರೆ ಒಂದು ಮಾತು ಖಚಿತವಾಗುತ್ತದೆ. ಬರದ ಸುಳಿವು ಸಿಗದೆ ಸರ್ಕಾರ ತಪ್ಪಿದ್ದಲ್ಲ. ಸುಳಿವುಗಳು ಧಾರಾಳವಾಗಿದ್ದವು. ಹಸಿದವನೇ ತನ್ನ ಹಸಿವನ್ನು ಸಾಬೀತು ಮಾಡಬೇಕು, ಅಲ್ಲಿಯವರೆಗೆ ಬರ ಸಾಧಾರಣದ್ದೆಂದೇ ಎಣಿಸಬೇಕು ಎಂದು ಮೊದಲೇ ನಿಶ್ಚಯಿಸಿದ್ದು ಅನಾಹುತಕ್ಕೆ ಕಾರಣವಾಯಿತು.

ಧಾತು ಈಶ್ವರದ ಬರ ಎಂದು ನಮ್ಮವರು ನೆನೆಯುವ ಈ ಬರ ಬಂದದ್ದು ಏಕಾಏಕಿ ಅಲ್ಲ. ಮೈಸೂರು ಸೀಮೆಯಲ್ಲಿ 1875ರ ಮಳೆಯೇ ಕಡಿಮೆಯಾಗಿತ್ತು. 1876ರಲ್ಲಿ ಮುಂಗಾರು ಕೈಕೊಟ್ಟಿತು, ಹಿಂಗಾರೂ ಬರಲಿಲ್ಲ. ಬಯಲುಸೀಮೆಯ ರಾಗಿ ಹೊಲದಲ್ಲೇ ಸುಟ್ಟಿತು. ಸಂಸ್ಥಾನದಲ್ಲಿ ಸುಮಾರು 38,000 ಕೆರೆಗಳಿದ್ದವು. ಹೊಸ ಕೆರೆ ಕಟ್ಟಲು ಜಾಗ ಹುಡುಕುವುದೇ ಕಷ್ಟ ಎನ್ನುವಷ್ಟರ ಮಟ್ಟಿಗೆ ನಮ್ಮ ಹಿರಿಯರು ನೆಲವನ್ನು ಬಳಸಿಕೊಂಡಿದ್ದಾರೆಂದು ಮುಖ್ಯ ಎಂಜಿನಿಯರ್ ಆಗಿದ್ದ ಸ್ಯಾಂಕಿ ಬೆರಗುಪಟ್ಟಿದ್ದರು. ಆದರೆ ಕೆರೆ ಎಷ್ಟಿದ್ದರೂ ಅದು ಮಳೆಯ ಋಣದಲ್ಲಿ ಬದುಕುವಂಥದ್ದು. ಒಂದು ವರ್ಷದ ಅನಾವೃಷ್ಟಿಯನ್ನು ತಾಳಿಕೊಳ್ಳಬಲ್ಲ ಕೆರೆ ಸಾಲುಸಾಲು ಮಳೆಗಾಲ ಸೋತರೆ ಬರಿದಾಗುತ್ತದೆ.

ಕೆರೆಗಿಂತ ಹೆಚ್ಚಾಗಿ ರೈತ ನೆಚ್ಚಿದ್ದು ಹಗೇವನ್ನು. ಗಟ್ಟಿ ನೆಲ ನೋಡಿ ತೋಡಿದ ಗುಂಡಿ, ಒಬ್ಬ ಇಳಿಯುವಷ್ಟೇ ಬಾಯಿ, ಕೆಳಗೆ ಹೋದಂತೆ ಗುಡಾಣದ ಹೊಟ್ಟೆಯ ಹಾಗೆ ಅಗಲ. ಸುತ್ತಲೂ ಹುಲ್ಲು ಒತ್ತಿ, ರಾಗಿ ತುಂಬಿ, ಬಾಯಿಗೆ ಚಪ್ಪಡಿ ಇಟ್ಟು ಮಣ್ಣು ಮೆತ್ತಿದರೆ ಕಾಳು ವರ್ಷಗಟ್ಟಲೆ ಹುಳು ಹಿಡಿಯದೆ ಇರುತ್ತದೆ. ತೆಗೆದ ಕೂಡಲೇ ಯಾರೂ ಇಳಿಯುವಂತಿಲ್ಲ. ಒಳಗಿನ ಕೆಟ್ಟ ಗಾಳಿ ಹೋಗಲೆಂದು ಹೊತ್ತುಗಟ್ಟಲೆ ಬಾಯಿ ತೆರೆದಿಟ್ಟು, ದೀಪ ಇಳಿಬಿಟ್ಟು ನೋಡಿ ಆಮೇಲೆ ಇಳಿಯಬೇಕು. ಈ ಹಗೇವು ಬರದ ಲೆಕ್ಕಾಚಾರದಲ್ಲಿ ಎರಡಲಗಿನ ಕತ್ತಿಯಾಯಿತು. ಅದರಲ್ಲಿ ಕಾಳಿದ್ದವರು ಮೊದಲ ವರ್ಷ ಊರು ಬಿಡಲಿಲ್ಲ, ಯಾರ ಮುಂದೆಯೂ ಕೈಯೊಡ್ಡಲಿಲ್ಲ. ಹೊರಗಿನಿಂದ ನೋಡುವವರಿಗೆ ಊರು ಸುಭಿಕ್ಷವಾಗಿಯೇ ಕಂಡಿತು. ಎಷ್ಟು ಹಗೇವಿನಲ್ಲಿ ಎಷ್ಟು ರಾಗಿ ಉಳಿದಿದೆಯೆಂದು ತಾಲ್ಲೂಕು ಕಚೇರಿಯಲ್ಲಿ ಕೂತು ಹೇಳುವುದು ಸಾಧ್ಯವಿರಲಿಲ್ಲ. ಹಗೇವು ಇಲ್ಲದ ಕೂಲಿಯವರಿಗೆ, ನೇಕಾರರಿಗೆ, ಊರ ಕೈಕಸುಬಿನವರಿಗೆ ಬರ ಒಂದು ವರ್ಷ ಮೊದಲೇ ಆರಂಭವಾಗಿತ್ತು ಎಂಬುದೂ ಆ ಊರಿನ ನೋಟದಲ್ಲಿ ಮರೆಯಾಯಿತು.

ಹಾಗಾದರೆ ಸರ್ಕಾರಕ್ಕೆ ತಿಳಿಯುವ ದಾರಿಯೇ ಇರಲಿಲ್ಲವೇ? ಈ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕಲಾಗದು. ಭಾರತದ ಹವಾಮಾನ ಇಲಾಖೆ ಹುಟ್ಟಿ ಆಗ ಒಂದೇ ವರ್ಷವಾಗಿತ್ತು. ಅದರ ಮೊದಲ ಮುಖ್ಯಸ್ಥ ಹೆನ್ರಿ ಬ್ಲಾನ್‌ಫರ್ಡ್ ಮಳೆಯ ಮುನ್ಸೂಚನೆಗೆ ಕೈಹಾಕಿದ್ದು 1880ರ ದಶಕದಲ್ಲಿ. ಮುಂದಿನ ಮಳೆ ಏನಾಗುವುದೆಂದು 1876ರಲ್ಲಿ ಯಾರೂ ಹೇಳಬಲ್ಲವರಾಗಿರಲಿಲ್ಲ, ನಿಜ. ಆದರೆ ಬರ ಎಷ್ಟು ಆಳಕ್ಕಿಳಿದಿದೆ ಎಂದು ತಿಳಿಯಲು ಆಕಾಶ ನೋಡಬೇಕಾಗಿರಲಿಲ್ಲ, ಸಂತೆ ನೋಡಿದರೆ ಸಾಕಿತ್ತು. ಕಾಳಿನ ಧಾರಣೆ ಮೂರು ಪಟ್ಟು ದಾಟಿತ್ತು. ಮೇವಿಲ್ಲದ ಎತ್ತು ಹಸುಗಳು ಸಿಕ್ಕಷ್ಟಕ್ಕೆ ಬಿಕರಿಯಾಗುತ್ತಿದ್ದವು. ಕಾಲ್ಗಡಗ, ಡಾಬು, ಸರ ಮಾರವಾಡಿಯ ತಕ್ಕಡಿಗೆ ಬಿದ್ದು, ಬೆಳ್ಳಿಯ ಒಡವೆಗಳು ಬೊಂಬಾಯಿಯ ಟಂಕಸಾಲೆಗೆ ಕರಗಲು ಹೋಗುತ್ತಿದ್ದವು. ಗುಳೆ ಹೊರಟವರು ರಸ್ತೆಗಳಲ್ಲಿದ್ದರು. 1876ರ ಕೊನೆಯ ಹೊತ್ತಿಗೆ ಬಳ್ಳಾರಿಯ ಕಾಮಗಾರಿಗಳಿಗೆ ಜನ ಪ್ರವಾಹದಂತೆ ಬರುತ್ತಿದ್ದರು. ಮದರಾಸಿನ ಗವರ್ನರ್ ಡ್ಯೂಕ್ ಆಫ್ ಬಕಿಂಗ್‌ಹ್ಯಾಮ್ ಇಷ್ಟನ್ನು ನೋಡಿಯೇ ಆರ್ಬತ್‌ನಾಟ್ ಕಂಪನಿಯ ಮೂಲಕ 30,000 ಟನ್ ಧಾನ್ಯವನ್ನು ಗುಟ್ಟಾಗಿ ಕೊಳ್ಳಿಸಿದರು. ಭಾರತ ಸರ್ಕಾರ ಅದಕ್ಕೆ ಅಸಮಾಧಾನಪಟ್ಟಿತು: ಧಾನ್ಯದ ವ್ಯಾಪಾರದಲ್ಲಿ ಸರ್ಕಾರ ತಲೆಹಾಕಬಾರದು ಎಂಬುದು ಆಗಿನ ಅರ್ಥನೀತಿಯ ವೇದವಾಕ್ಯ. 1877ರ ಜನವರಿ 1ರಂದು ದಿಲ್ಲಿಯಲ್ಲಿ ವಿಕ್ಟೋರಿಯಾ ರಾಣಿಯನ್ನು ಭಾರತದ ಸಾಮ್ರಾಜ್ಞಿಯೆಂದು ಸಾರಿದ ದರ್ಬಾರು ನಡೆಯಿತು. ದಕ್ಷಿಣದ ಗವರ್ನರರೂ ಅಲ್ಲಿಗೆ ಹೋಗಬೇಕಾಯಿತು. ಅದು ಮುಗಿದ ಬೆನ್ನಿಗೇ ಖರ್ಚಿಗೆ ಕಡಿವಾಣ ಹಾಕುವ ಆದೇಶ ಹೊತ್ತು ಟೆಂಪಲ್ ದಕ್ಷಿಣಕ್ಕೆ ಹೊರಟರು.

ಟೆಂಪಲ್ ಕಲ್ಲೆದೆಯ ಮನುಷ್ಯ ಎಂದು ಒಂದೇ ಮಾತಿನಲ್ಲಿ ಮುಗಿಸಿದರೆ ಈ ಇತಿಹಾಸ ಅರ್ಥವಾಗುವುದಿಲ್ಲ. ಮೂರು ವರ್ಷಗಳ ಹಿಂದೆ, 1873–74ರ ಬಿಹಾರದ ಬರದಲ್ಲಿ, ಇದೇ ಟೆಂಪಲ್ ಬರ್ಮಾದಿಂದ ನಾಲ್ಕೂವರೆ ಲಕ್ಷ ಟನ್ನಿಗೂ ಹೆಚ್ಚು ಅಕ್ಕಿ ತರಿಸಿ ಹಂಚಿಸಿದ್ದರು. ಸುಮಾರು 65 ಲಕ್ಷ ಪೌಂಡ್ ಖರ್ಚಾಯಿತು. ಹಸಿವಿನಿಂದ ಸತ್ತವರು ಇಲ್ಲವೆನ್ನುವಷ್ಟು ಕಡಿಮೆ. ಬ್ರಿಟಿಷ್ ಆಳ್ವಿಕೆಯ ಬರಗಳಲ್ಲಿ ಇಷ್ಟು ಜೀವ ಉಳಿಸಿದ ಉದಾಹರಣೆ ಹುಡುಕುವುದು ಕಷ್ಟ. ಆದರೆ ಅದಕ್ಕೆ ಅವರಿಗೆ ಸಂದದ್ದು ಛೀಮಾರಿ. ಜನ ಸಾಯಲಿಲ್ಲವಾದ್ದರಿಂದ ಅಲ್ಲಿ ಬರವೇ ಇರಲಿಲ್ಲ, ದುಡ್ಡು ದಂಡವಾಯಿತು ಎಂದರು ಟೀಕಾಕಾರರು. ಲಂಡನ್ನಿನ ‘ಎಕನಾಮಿಸ್ಟ್’ ಪತ್ರಿಕೆಯೂ ಆ ದನಿಗೂಡಿಸಿತು. ಪರಿಹಾರ ಫಲಿಸಿದ್ದನ್ನೇ ಅದು ಬೇಕಿರಲಿಲ್ಲ ಎಂಬುದಕ್ಕೆ ಸಾಕ್ಷಿಯಾಗಿ ತಿರುಗಿಸುವ ಈ ತರ್ಕವನ್ನು ಟೆಂಪಲ್ ವಿರೋಧಿಸಬಹುದಿತ್ತು. ಅವರು ಅದಕ್ಕೆ ಮಣಿದರು. ದಕ್ಷಿಣಕ್ಕೆ ಬಂದಾಗ ಅವರ ಕಣ್ಣು ಹುಡುಕುತ್ತಿದ್ದುದು ಹಸಿದವರನ್ನಲ್ಲ, ಹಸಿಯದೆ ಪರಿಹಾರ ಪಡೆಯುತ್ತಿದ್ದವರನ್ನು.

ಹುಡುಕಿದ್ದು ಸಿಕ್ಕಿತು ಕೂಡ. ಕಾಮಗಾರಿಗಳಲ್ಲಿ ಗಟ್ಟಿಮುಟ್ಟಾದ ಆಳುಗಳು, ಮೈಮೇಲೆ ಇನ್ನೂ ಅಷ್ಟಿಷ್ಟು ಒಡವೆ ಉಳಿದಿದ್ದ ಹೆಂಗಸರು, ತುಂಡು ಜಮೀನು ಇದ್ದವರು ಅವರಿಗೆ ಕಂಡರು. ಲಕ್ಷಾಂತರ ಜನರನ್ನು ಪಟ್ಟಿಯಿಂದ ಕೈಬಿಡಲು ಅಪ್ಪಣೆಯಾಯಿತು. ಹತ್ತು ಮೈಲಿ ದೂರದ ಕಾಮಗಾರಿಗೆ ಹೋಗಿ ಅಲ್ಲೇ ಉಳಿಯಲು ಒಪ್ಪುವವನೇ ನಿಜವಾಗಿ ಹಸಿದವನು ಎಂಬ ದೂರದ ಪರೀಕ್ಷೆ ಬಂತು. ಕೂಲಿ ಒಂದು ಪೌಂಡ್ ಕಾಳು, ಒಂದಾಣೆಗೆ ಇಳಿಯಿತು. ಹೆಂಗಸರಿಗೆ ಆಣೆ ಅರ್ಧವಾಯಿತು. ಟೆಂಪಲ್ ಕಂಡದ್ದು ಸುಳ್ಳಲ್ಲ ಎಂದು ಒಪ್ಪಲೇಬೇಕು. ಅಲ್ಲಿದ್ದವರೆಲ್ಲ ಎಲುಬುಗೂಡುಗಳಾಗಿರಲಿಲ್ಲ, ಮೇಸ್ತ್ರಿಗಳ ಸುಳ್ಳು ಹಾಜರಿಯೂ ಇದ್ದೀತು. ಆದರೆ ಆ ನೋಟದಿಂದ ತೆಗೆದ ತೀರ್ಮಾನ ತಪ್ಪು. ಕಾಮಗಾರಿಯಲ್ಲಿ ಮೈಕೈ ತುಂಬಿಕೊಂಡ ಆಳು ಕಂಡರೆ, ಅವನಿಗೆ ಕೂಲಿ ಸಕಾಲಕ್ಕೆ ಸಿಕ್ಕಿದೆ ಎಂದಷ್ಟೇ ಅರ್ಥ. ಒಡವೆ ಇನ್ನೂ ಉಳಿದಿದ್ದರೆ ಬರ ಬಾಗಿಲಿಗೆ ಬಂದಿಲ್ಲ ಎಂದಲ್ಲ. ಬೀಜ, ಎತ್ತು, ಒಡವೆ ಕಳೆದುಕೊಳ್ಳುವ ಮುನ್ನವೇ ನೆರವು ತಲುಪಿದೆ ಎಂದು. ಎತ್ತು ಮಾರಿದ ಮೇಲೆ ಮಳೆ ಬಂದರೂ ಹೊಲ ಉಳುವವರಾರು? ಸಂಸಾರ ಪೂರ್ತಿ ಬರಿಗೈಯಾಗುವವರೆಗೆ ಕಾದು ಆಮೇಲೆ ಕೈ ಹಿಡಿಯುವುದನ್ನು ಮಿತವ್ಯಯ ಎಂದು ಕರೆದದ್ದು ಆ ಬೇಸಿಗೆಯ ಅತಿ ದೊಡ್ಡ ಭ್ರಮೆ.

ಕಣ್ಣಳತೆ ಮೋಸ ಮಾಡುವುದು ಇಂದಿಗೂ ನಿಂತಿಲ್ಲ. 2023ರ ಅಕ್ಟೋಬರಿನಲ್ಲಿ ಕೇಂದ್ರದ ಅಧ್ಯಯನ ತಂಡ ಕರ್ನಾಟಕಕ್ಕೆ ಬಂದಾಗ ರಾಜ್ಯ ಸರ್ಕಾರ ‘ಹಸಿರು ಬರ’ದ ಮಾತನ್ನು ಮುಂದಿಟ್ಟಿತು. ತಡವಾಗಿ ಬಿದ್ದ ಮಳೆಗೆ ಪೈರು ಹಸಿರಾಗಿದೆ, ಉಪಗ್ರಹದ ಚಿತ್ರದಲ್ಲಿ ಹೊಲ ಚೆನ್ನಾಗಿ ಕಾಣುತ್ತದೆ, ಆದರೆ ತೆನೆಯಲ್ಲಿ ಕಾಳಿಲ್ಲ. 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆಯಾಗಿದ್ದರೂ ಪರಿಹಾರದ ಹಣದ ತಕರಾರು ಮರುವರ್ಷ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 2016ರ ಬರ ಕೈಪಿಡಿ ಮಳೆಯ ಕೊರತೆ, ಬಿತ್ತನೆ, ಮಣ್ಣಿನ ತೇವ, ಜಲಾಶಯದ ನೀರು, ಉಪಗ್ರಹದ ಸೂಚ್ಯಂಕ ಇಷ್ಟನ್ನೂ ಅಳೆಯುತ್ತದೆ. 1877ರಲ್ಲಿ ಇವುಗಳಲ್ಲಿ ಹೆಚ್ಚಿನವು ಕನಸಿನಲ್ಲೂ ಇರಲಿಲ್ಲ. ಅಂದಿನ ಸಾವು ಇಂದಿಲ್ಲ, ಎರಡು ಕಾಲವನ್ನು ಒಂದೇ ತಕ್ಕಡಿಗೆ ಹಾಕುವುದು ನ್ಯಾಯವೂ ಅಲ್ಲ. ಆದರೂ ಬರ ‘ಸಾಧಾರಣ’ವೋ ‘ತೀವ್ರ’ವೋ ಎಂಬ ಒಂದು ಪದದ ಮೇಲೆ ರಾಷ್ಟ್ರೀಯ ನಿಧಿಯ ಬಾಗಿಲು ತೆರೆಯುವುದು ನಿಂತಿರುವಾಗ, ಆ ಪದವನ್ನು ಯಾವ ಪುರಾವೆಯಿಂದ ಆರಿಸಬೇಕು ಎಂಬ ಪ್ರಶ್ನೆ ಹಳೆಯದೇ.

ಡಾ. ಕಾರ್ನಿಶ್ ಬೇರೆ ಬಗೆಯ ಪುರಾವೆ ಕೇಳಿದರು. 1871ರ ಮದರಾಸು ಜನಗಣತಿಯ ವರದಿ ಬರೆದವರು ಅವರೇ. ಪ್ರಾಂತ್ಯದ ಜನರನ್ನು ಅಂಕಿಗಳಲ್ಲಿ ಅವರಷ್ಟು ಬಲ್ಲವರು ಸರ್ಕಾರದಲ್ಲಿ ಹೆಚ್ಚಿರಲಿಲ್ಲ. ಒಂದು ಪೌಂಡ್ ಅಂದರೆ ಸುಮಾರು 450 ಗ್ರಾಂ. ಅಷ್ಟು ಅಕ್ಕಿಯಿಂದ ಸಿಗುವುದು ಇಂದಿನ ಲೆಕ್ಕದಲ್ಲಿ 1,600 ಕ್ಯಾಲೊರಿ. ಕಲ್ಲೊಡೆಯುವವನಿಗೆ ಬೇಕಾದದ್ದರಲ್ಲಿ ಅರ್ಧದ ಆಸುಪಾಸು. ಬೇಳೆಯಿಲ್ಲ, ಸೊಪ್ಪಿಲ್ಲ. ಒಂದಾಣೆಯಲ್ಲಿ ಉಪ್ಪು ಮೆಣಸಿನಕಾಯಿ ಸೌದೆ ತಂದರೆ ದುಬಾರಿ ಕಾಲದಲ್ಲಿ ಮಿಕ್ಕುವುದು ಸೊನ್ನೆ. ಕ್ಯಾಲೊರಿಯ ಲೆಕ್ಕ ಕಾರ್ನಿಶ್ ಕಾಲಕ್ಕೆ ಬಳಕೆಗೆ ಬಂದಿರಲಿಲ್ಲ, ಅವರ ಕೈಯಲ್ಲಿದ್ದುದು ಜೈಲಿನ ಪಡಿಯ ಪಟ್ಟಿ. ದುಡಿಯುವ ಕೈದಿಗೆ ಸರ್ಕಾರ ಕೊಡುತ್ತಿದ್ದ ಆಹಾರಕ್ಕಿಂತ ಬರದ ಕೂಲಿಯವನಿಗೆ ಕೊಡುವುದು ಕಡಿಮೆ ಎಂದು ಅವರು ತೋರಿಸಿದರು. ಒಂದೂವರೆ ಪೌಂಡ್ ಧಾನ್ಯ, ಜೊತೆಗೆ ಬೇಳೆ ತರಕಾರಿ ಬೇಕೇ ಬೇಕು ಎಂದು ವಾದಿಸಿದರು. ಕ್ಯಾಂಪುಗಳಿಗೆ ಹೋಗಿ ಜನರ ಮೈ ನೋಡಿದರು, ಭೇದಿಯಿಂದ ಸಾಯುತ್ತಿದ್ದವರ ಲೆಕ್ಕ ತೆಗೆದರು. ಒಂದು ಪೌಂಡಿನಲ್ಲಿ ಜೀವ ಹಿಡಿದುಕೊಂಡಿರಬಹುದು ಎಂಬ ಟೆಂಪಲ್‌ರ ಮಾತು ಸುಮ್ಮನೆ ಮಲಗಿದವನಿಗೆ ಕೆಲವು ವಾರ ಅನ್ವಯಿಸೀತು. ದುಡಿಯುವವನಿಗೆ, ಅದೂ ತಿಂಗಳುಗಟ್ಟಲೆ, ಅನ್ವಯಿಸದು. ಇತ್ತ ಬೊಂಬಾಯಿ ಪ್ರಾಂತ್ಯದಲ್ಲಿ ಕೂಲಿ ಇಳಿಸಿದ್ದನ್ನು ವಿರೋಧಿಸಿ ಜನ ಕಾಮಗಾರಿ ಬಿಟ್ಟು ಹೊರನಡೆದಿದ್ದರು. ಗಣೇಶ ವಾಸುದೇವ ಜೋಶಿಯವರ ಪುಣೆ ಸಾರ್ವಜನಿಕ ಸಭಾ ಅವರ ಬೆನ್ನಿಗೆ ನಿಂತು ಸರ್ಕಾರಕ್ಕೆ ಮನವಿಯ ಮೇಲೆ ಮನವಿ ಬರೆಯಿತು. ಮೇ ತಿಂಗಳಲ್ಲಿ ಮದರಾಸು ಸರ್ಕಾರ ಟೆಂಪಲ್ ಕೂಲಿಯನ್ನು ಕೈಬಿಟ್ಟಿತು. ವಾದದಲ್ಲಿ ಕಾರ್ನಿಶ್ ಗೆದ್ದರು, ಬೇಸಿಗೆ ಮಾತ್ರ ಕಳೆದುಹೋಗಿತ್ತು. ಆ ವರ್ಷದ ಮುಂಗಾರೂ ಬರಲಿಲ್ಲ.

ಇನ್ನೊಂದು ಆಕ್ಷೇಪ ಹೆಚ್ಚು ಬುದ್ಧಿವಂತಿಕೆಯದು. ದೇಶದಲ್ಲಿ ಧಾನ್ಯ ಇತ್ತು, ರೈಲು ಇತ್ತು, ಬೆಲೆ ಏರಿದ ಕಡೆಗೆ ವ್ಯಾಪಾರಿಗಳು ಕಾಳು ಸಾಗಿಸುತ್ತಿದ್ದರು. ಹಾಗಿರುವಾಗ ಇದನ್ನು ಮಹಾಕ್ಷಾಮ ಎನ್ನುವುದು ಹೇಗೆ? ಮಾತಿನ ಮೊದಲರ್ಧ ಸರಿ. ಜೋಲಾರಪೇಟೆಯ ಮೂಲಕ ಬೆಂಗಳೂರಿಗೆ 1864ರಲ್ಲೇ ರೈಲು ಬಂದಿತ್ತು, ಬಳ್ಳಾರಿಗೂ ಬಂದಿತ್ತು. 1877ರಲ್ಲಿ ಬೆಂಗಳೂರಿಗೆ ದಿನವೂ ನೂರಾರು ಟನ್ ಧಾನ್ಯ ಬಂದಿಳಿಯುತ್ತಿತ್ತು. ಅದೇ ಕಾಲದಲ್ಲಿ ಭಾರತದಿಂದ ಇಂಗ್ಲೆಂಡಿಗೆ ಗೋಧಿಯ ರಫ್ತೂ ನಡೆದೇ ಇತ್ತು. ಆದರೆ ಬೆಂಗಳೂರಿನ ಗೂಡ್ಸ್ ಶೆಡ್ಡಿನಿಂದ ಶಿರಾಕ್ಕೋ ಪಾವಗಡಕ್ಕೋ ಕಾಳು ಹೋಗಬೇಕಾದದ್ದು ಎತ್ತಿನ ಗಾಡಿಯಲ್ಲಿ. ದಾರಿಯುದ್ದಕ್ಕೂ ಹುಲ್ಲಿಲ್ಲ, ನೀರಿಲ್ಲ, ಎತ್ತುಗಳೇ ಸಾಯುತ್ತಿವೆ. ಹಾಗೂ ಹೀಗೂ ತಲುಪಿತೆಂದರೂ, ಕೂಲಿಯೇ ಇಲ್ಲದವನು ಮೂರು ನಾಲ್ಕು ಪಟ್ಟು ಬೆಲೆಗೆ ಕೊಳ್ಳುವುದು ಯಾವುದರಿಂದ? ಹೊಲದಲ್ಲಿ ಬೆಳೆಯಿಲ್ಲದ ವರ್ಷ ಕಳೆ ಕೀಳುವ, ಕುಯ್ಯುವ, ಬಡಿಯುವ ಕೆಲಸವೂ ಇಲ್ಲ. ಬೆಳೆದವರಿಗೆ ಹಣವಿಲ್ಲದ್ದರಿಂದ ನೇಯ್ದ ಸೀರೆಗೆ, ಮಾಡಿದ ಮಡಕೆಗೆ ಗಿರಾಕಿಯಿಲ್ಲ. ಬರ ಅಂದರೆ ಕಾಳಿನ ಅಭಾವಕ್ಕಿಂತ ಹೆಚ್ಚಾಗಿ ದುಡಿಮೆಯ ಅಭಾವ ಎಂದು ರಿಚರ್ಡ್ ಸ್ಟ್ರೇಚಿ ಅಧ್ಯಕ್ಷತೆಯ ಕ್ಷಾಮ ಆಯೋಗ 1880ರಲ್ಲಿ ಹೆಚ್ಚು ಕಡಿಮೆ ಒಪ್ಪಿಕೊಂಡಿತು. ಮುಂದೆ ಮೈಸೂರಿನ ದಿವಾನರಾದ ರಂಗಾಚಾರ್ಲು ಆ ಆಯೋಗದ ಸದಸ್ಯರಲ್ಲೊಬ್ಬರು. ಧಾರಣೆಯ ಏರಿಕೆ, ಸಾಲ ಹುಟ್ಟದಿರುವುದು, ಗುಳೆ, ಕಳ್ಳತನ ಹೆಚ್ಚುವುದು ಇವನ್ನು ಮುನ್ಸೂಚನೆಯೆಂದು ಗಮನಿಸಬೇಕೆಂಬ ಮಾತು ಅದರ ಫಲವಾಗಿ ಬಂದ ಕ್ಷಾಮ ಸಂಹಿತೆಗಳಲ್ಲಿ ಸೇರಿತು. 1876ರ ಡಿಸೆಂಬರಿನಲ್ಲಿ ಈ ಲಕ್ಷಣಗಳೆಲ್ಲ ಬಳ್ಳಾರಿಯ ಬೀದಿಯಲ್ಲಿದ್ದವು.

ಮೈಸೂರು ಸಂಸ್ಥಾನದ ಕಥೆ ಇನ್ನೂ ನೋವಿನದು. ಇಲ್ಲಿ ದೊಡ್ಡ ಕಾಮಗಾರಿಗಳು ತಡವಾದವು. ಹಳ್ಳಿ ಬಿಟ್ಟವರು ಪಟ್ಟಣದ ಗಂಜಿ ಕೇಂದ್ರಗಳಿಗೆ ನುಗ್ಗಿದರು. ನಿತ್ರಾಣರಾದವರನ್ನು ಒಂದೆಡೆ ಗುಂಪುಗೂಡಿಸಿದರೆ ಕಾಲರಾ, ಸಿಡುಬು, ಆಮಶಂಕೆಗೆ ಔತಣ ಕೊಟ್ಟಂತೆ. ಲಿಟ್ಟನ್ ದಕ್ಷಿಣಕ್ಕೆ ಬಂದು ಕಣ್ಣಾರೆ ನೋಡಿದ್ದು ಆಗಸ್ಟ್ ಸೆಪ್ಟೆಂಬರಿನಲ್ಲಿ. ಆಮೇಲೆ ಚಾರ್ಲ್ಸ್ ಎಲಿಯಟ್ ಮೈಸೂರಿಗೆ ಕ್ಷಾಮ ಕಮಿಷನರಾಗಿ ಬಂದರು, ಜನರನ್ನು ಗಂಜಿ ಕೇಂದ್ರದಿಂದ ಕಾಮಗಾರಿಗಳಿಗೆ ಸಾಗಿಸಿದರು. ಬೆಂಗಳೂರು–ಮೈಸೂರು ರೈಲುಹಾದಿಯ ಮಣ್ಣಿನ ಕೆಲಸ ಬರ ಪರಿಹಾರವಾಗಿ ನಡೆಯಿತು. ಆ ಏರಿಯ ಮೇಲೆ ಇವತ್ತಿಗೂ ರೈಲು ಓಡುತ್ತಿದೆ.

ಖಜಾನೆಯಲ್ಲಿ ಹಣ ಎಲ್ಲಿತ್ತು ಎಂದು ಕೇಳುವವರಿದ್ದಾರೆ. ಮೈಸೂರಿನ ಮಟ್ಟಿಗೆ ಇತ್ತು. ವರ್ಷಗಳಿಂದ ಉಳಿಸಿ ಹೂಡಿದ್ದ 63 ಲಕ್ಷ ರೂಪಾಯಿ ಇತ್ತು. ಬರ ಮುಗಿಯುವಷ್ಟರಲ್ಲಿ ಅದು ಕರಗಿ, ಮೇಲೆ 80 ಲಕ್ಷದ ಸಾಲ ಹೆಗಲೇರಿತ್ತು. 1881ರಲ್ಲಿ ರಾಜ್ಯ ಮರಳಿ ಪಡೆದ ಚಾಮರಾಜ ಒಡೆಯರಿಗೂ ರಂಗಾಚಾರ್ಲುರಿಗೂ ಬಳುವಳಿಯಾಗಿ ಬಂದದ್ದು ಆ ಸಾಲ. ಅಂದರೆ ಬರವನ್ನು ಸಣ್ಣದೆಂದು ಎಣಿಸಿದ್ದರಿಂದ ಹಣವೇನೂ ಉಳಿಯಲಿಲ್ಲ. ಮೊದಲ ಆರು ತಿಂಗಳಲ್ಲಿ ಹಳ್ಳಿಯ ಹತ್ತಿರವೇ ಕೊಡಬಹುದಾಗಿದ್ದ ಕೂಲಿಯನ್ನು ಹಿಡಿದಿಟ್ಟು, ಆಮೇಲೆ ಗಂಜಿಗೆ, ಆಸ್ಪತ್ರೆಗೆ, ಹೆಣ ಸಾಗಿಸುವುದಕ್ಕೆ, ಬಾಕಿ ಬಿದ್ದ ಕಂದಾಯಕ್ಕೆ ಸುರಿದದ್ದಾಯಿತು.

ಪ್ರಕೃತಿಯ ಕೋಪ ಅಷ್ಟಿತ್ತು, ಯಾವ ಸರ್ಕಾರ ಇದ್ದಿದ್ದರೂ ಇಷ್ಟೇ ಆಗುತ್ತಿತ್ತು ಎಂಬುದು ಕೊನೆಯ ಸಮರ್ಥನೆ. 1877ರಲ್ಲಿ ಪೆಸಿಫಿಕ್ ಸಾಗರದಲ್ಲಿ ಎದ್ದ ಎಲ್ ನಿನೊ ದಾಖಲೆಯಲ್ಲಿರುವ ಅತಿ ಪ್ರಬಲವಾದವುಗಳಲ್ಲಿ ಒಂದು. ಅದೇ ಹೊತ್ತಿಗೆ ಉತ್ತರ ಚೀನಾ, ಬ್ರೆಜಿಲ್ಲಿನ ಈಶಾನ್ಯ ಭಾಗವೂ ಬೆಂದುಹೋದವು. ಇದನ್ನು ಅಲ್ಲಗಳೆಯಲಾಗದು, ಒಂದಷ್ಟು ಸಾವು ಯಾರಿಂದಲೂ ತಡೆಯಲಾಗದ್ದೇ ಆಗಿದ್ದೀತು. ಆದರೆ ಎಲ್ ನಿನೊ ಮಳೆಯನ್ನು ಕಸಿಯಿತು. ಕೂಲಿಯನ್ನು ಒಂದು ಪೌಂಡಿಗೆ ಇಳಿಸಿದ್ದು, ಹತ್ತು ಮೈಲಿ ನಡೆಸಿದ್ದು ಕಡತದ ಮೇಲಿನ ಸಹಿ. 1877ರ ಮುಂಗಾರು ಮತ್ತೆ ಸೋತಾಗ ಜನರ ಮೈಯಲ್ಲಿ ಕಸುವು ಉಳಿದಿತ್ತೇ ಇಲ್ಲವೇ ಎಂಬುದು ಆ ಬೇಸಿಗೆಯಲ್ಲಿ ತಿಂದ ಅನ್ನದ ಮೇಲೆ ನಿಂತಿತ್ತು.

ಅದು ಎಷ್ಟು ನಿಜ ಎಂಬುದು ಮಳೆ ಬಂದ ಮೇಲೆ ಗೊತ್ತಾಯಿತು. ಸೆಪ್ಟೆಂಬರ್ ಅಕ್ಟೋಬರಿನಲ್ಲಿ ಮಳೆ ಹಿಡಿಯಿತು, ಹೊಲ ಹಸಿರಾಯಿತು, ಅದರ ಹಿಂದೆಯೇ ಚಳಿಜ್ವರ ಬಂದು ಬೇಸಿಗೆ ದಾಟಿ ಉಳಿದವರನ್ನು ಒಯ್ದಿತು. ಸಾವಿನ ದಫ್ತರದಲ್ಲಿ ಜ್ವರ, ಭೇದಿ, ಕಾಲರಾ ಎಂದು ಬರೆದದ್ದರಿಂದ ಇವರೆಲ್ಲ ಬರದಿಂದ ಸತ್ತವರಲ್ಲ ಎಂಬ ಹೊಸ ವಾದವೂ ಹುಟ್ಟಿತು. ಹೊಟ್ಟೆ ತುಂಬಿದ ವರ್ಷಗಳಲ್ಲೂ ಚಳಿಜ್ವರ ಇದ್ದೇ ಇತ್ತು, ಊರಿಗೆ ಊರನ್ನು ಖಾಲಿ ಮಾಡುತ್ತಿರಲಿಲ್ಲ ಎಂಬುದೊಂದೇ ಅದಕ್ಕೆ ಉತ್ತರವಾಗಿ ಸಾಕು. ‘ಮದರಾಸ್ ಟೈಮ್ಸ್’ ಸಂಪಾದಕರಾಗಿದ್ದ ವಿಲಿಯಂ ಡಿಗ್ಬಿ 1878ರಲ್ಲಿ ಈ ಬರದ ಇತಿಹಾಸವನ್ನು ಎರಡು ಸಂಪುಟಗಳಲ್ಲಿ ಬರೆದಿಟ್ಟರು. ಡಬ್ಲ್ಯೂ. ಡಬ್ಲ್ಯೂ. ಹೂಪರ್ ತೆಗೆದ ಛಾಯಾಚಿತ್ರಗಳು ಉಳಿದುಕೊಂಡವು. ಬ್ರಿಟಿಷ್ ಆಡಳಿತದ ಪ್ರದೇಶಗಳಲ್ಲಿ ಸತ್ತವರು ಸುಮಾರು 52 ಲಕ್ಷದ 50 ಸಾವಿರ ಎಂದು ಕ್ಷಾಮ ಆಯೋಗವೇ ಅಂದಾಜಿಸಿತು. ಮೈಸೂರಿನ ಅಂಕಿಗೆ ಅಂದಾಜೂ ಬೇಕಿಲ್ಲ. 1871ರ ಗಣತಿಯಲ್ಲಿ ಸಂಸ್ಥಾನದ ಜನ 50,55,412. 1881ರಲ್ಲಿ 41,86,188. ಹುಟ್ಟಿ ಹೆಚ್ಚಬೇಕಾಗಿದ್ದವರನ್ನು ಬಿಟ್ಟೇ ಲೆಕ್ಕ ಹಾಕಿದರೂ 8,69,224 ಜನ ಕಡಿಮೆ. ಬಯಲುಸೀಮೆಯ ಜಿಲ್ಲೆಗಳಿಗೆ ಬಿದ್ದ ಪೆಟ್ಟು ದೊಡ್ಡದು, ಮಲೆನಾಡಿನದು ಸಣ್ಣದು. 1891ರ ಗಣತಿಯ ಹೊತ್ತಿಗೆ ಸಂಸ್ಥಾನದಲ್ಲಿ ಇದ್ದವರು 49,43,604. ಇಪ್ಪತ್ತು ವರ್ಷ ಕಳೆದ ಮೇಲೂ ಬರಕ್ಕೆ ಮುಂಚಿನ ಸಂಖ್ಯೆಗೆ 1,11,808 ಕಡಿಮೆ.